ಆಗುಂಬೆಯ ಮಳೆ ಮತ್ತು 32,767

ಮಳೆಯ ಲೆಕ್ಕದಲ್ಲಿ ದಿನ ಬದಲಾಗುವುದು ನಡುರಾತ್ರಿಯಲ್ಲಲ್ಲ, ಬೆಳಿಗ್ಗೆ ಎಂಟೂವರೆಗೆ. ನಿನ್ನೆ ಬೆಳಿಗ್ಗೆ 8.30ರಿಂದ ಇಂದು ಬೆಳಿಗ್ಗೆ 8.30ರವರೆಗೆ ಮಾಪಕದಲ್ಲಿ ಸೇರಿದ ನೀರನ್ನು ಅಳತೆಯ ಗಾಜಿಗೆ ಸುರಿದು, ಗೆರೆ ನೋಡಿ, ಪುಸ್ತಕದಲ್ಲಿ ಬರೆದರೆ ಅದು ಒಂದು ದಿನದ ಮಳೆ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ ಈ ಶಿಸ್ತನ್ನು ದೇಶದ ತುಂಬ ರೂಢಿಗೆ ತಂದಿತು. ಬಯಲುಸೀಮೆಯಲ್ಲಿ ಇದು ವರ್ಷದ ಬಹುಪಾಲು ದಿನ ಸೊನ್ನೆ ಬರೆಯುವ ಕೆಲಸ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಹಾಗಲ್ಲ. ಅರಬ್ಬಿ ಸಮುದ್ರದಿಂದ ಬಂದ ಮೋಡ ಸೋಮೇಶ್ವರದ ಕಡೆಯಿಂದ ಘಟ್ಟ ಹತ್ತಿ, ಮೊದಲು ಹಗುರಾಗುವುದು ಇಲ್ಲಿಯೇ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ ಸುಮಾರು 7,600 ಮಿ.ಮೀ. ಅದೇ ಕರ್ನಾಟಕದ ಚಳ್ಳಕೆರೆಯಲ್ಲಿ ವರ್ಷಕ್ಕೆ ಬೀಳುವುದು 500 ಮಿ.ಮೀ. ಆಸುಪಾಸು. ಒಂದೇ ರಾಜ್ಯದೊಳಗೆ ಹದಿನೈದು ಪಟ್ಟು ವ್ಯತ್ಯಾಸ.

ಈ ವ್ಯತ್ಯಾಸವನ್ನು ಮುಂದಿಟ್ಟುಕೊಂಡು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ದಿನವೂ ನೋಡಿ ದಿನವೂ ಮರೆಯುವ ಒಂದು ಸಂಗತಿಯ ಇತಿಹಾಸವನ್ನು ಹೇಳಬೇಕೆಂದಿದ್ದೇನೆ. ಅದು ಕಂಪೈಲರ್ ಕೊಡುವ ಎಚ್ಚರಿಕೆ, ಅಂದರೆ ವಾರ್ನಿಂಗ್. ಮಳೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮಳೆ ಅಳೆಯುವ ಕೆಲಸ ಈಗ ಬಹುಮಟ್ಟಿಗೆ ಮನುಷ್ಯರ ಕೈಯಿಂದ ಪುಟ್ಟ ಚಿಪ್ಪುಗಳ ಕೈಗೆ ಹೋಗಿದೆ. ಆ ಚಿಪ್ಪುಗಳೊಡನೆ ನಮ್ಮ ಕೊನೆಯ ಮಾತುಕತೆ ನಡೆಯುವುದು ಕಂಪೈಲರ್ ಎದುರಿನಲ್ಲಿ.

ಮಳೆಯ ಅಂಕಿ ಎಂದೂ ಬರೀ ಕುತೂಹಲದ ವಿಷಯವಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಳೆ ಅಳೆಯುವ ಪಾತ್ರೆಯನ್ನು ಇಡಬೇಕೆಂದು ಹೇಳಿರುವುದು ರಾಜ್ಯದ ಕಣಜದ ಬಳಿ. ಮಳೆ ಎಷ್ಟೆಂದು ತಿಳಿದರೆ ಬೆಳೆ ಎಷ್ಟೆಂದು ತಿಳಿಯುತ್ತದೆ. ಬೆಳೆ ತಿಳಿದರೆ ಕಂದಾಯ. ಇಂದಿನ ಮಲೆನಾಡಿನಲ್ಲಿ ಹಣ ಹರಿಯುವ ದಿಕ್ಕು ಬೇರೆಯಾದರೂ ನಂಟು ಅದೇ. ಆಷಾಢ, ಶ್ರಾವಣದ ಮಳೆ ಬಿಡುವು ಕೊಡದಿದ್ದರೆ ಅಡಿಕೆಗೆ ಕೊಳೆರೋಗ ಬರುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಒಂದೆರಡು ದಿನ ಹೊಳವಾದರೂ ಸಿಗಬೇಕು. ಸಿಗದ ವರ್ಷ ಎಳೆಗಾಯಿ ಉದುರಿ ಮರದ ಬುಡ ಹಸುರಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸಿ ಅಲ್ಲ. ಆ ಪ್ರದೇಶದ ಮಾಪಕ ಕಳಿಸಿದ ಮಳೆಯ ಅಂಕಿಯ ಮೇಲೆ. ತೋಟದಲ್ಲಿ ನಿಂತವನಿಗೆ ಮಳೆ ಬಂದದ್ದು ಗೊತ್ತು. ಆದರೆ ಕಡತಕ್ಕೆ ಗೊತ್ತಿರುವುದು ಮಾಪಕ ಹೇಳಿದ್ದಷ್ಟೇ.

ಈ ಸ್ವಯಂಚಾಲಿತ ಮಾಪಕದ ಮೂಲ ಉಪಾಯ ಹಳೆಯದು. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ರೆನ್, ರಾಬರ್ಟ್ ಹುಕ್ ಅವರ ಕಾಲದಿಂದಲೂ ತಾನೇ ಮಗುಚಿಕೊಳ್ಳುವ ಬಟ್ಟಲಿನ ಮಳೆಮಾಪಕ ತಿಳಿದಿತ್ತು. ಏತದ ಹಾಗೆ ನಡುವೆ ಆಧಾರವಿಟ್ಟು ಕೂರಿಸಿದ ಎರಡು ಪುಟ್ಟ ಬಟ್ಟಲು. ಆಲಿಕೆಯಿಂದ ಇಳಿದ ನೀರು ಒಂದು ಬಟ್ಟಲಿನಲ್ಲಿ ನಿಗದಿಯಾದಷ್ಟು ತುಂಬಿದ ಕೂಡಲೇ ಅದು ವಾಲಿ ಬರಿದಾಗುತ್ತದೆ. ಇನ್ನೊಂದು ಬಟ್ಟಲು ಮೇಲೆ ಬರುತ್ತದೆ. ಪ್ರತಿ ಸಲ ವಾಲಿದಾಗಲೂ ಒಂದು ಅಯಸ್ಕಾಂತ ಒಂದು ಸಣ್ಣ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಒಂದು ಸಲ ವಾಲಿದರೆ 0.2 ಮಿ.ಮೀ. ಮಳೆ ಎಂದು ಇಟ್ಟುಕೊಳ್ಳೋಣ. ಇನ್ನು ಉಳಿದದ್ದು ಎಣಿಸುವ ಕೆಲಸ. ಅದನ್ನು ಮಾಡುವುದು ಮೈಕ್ರೋಕಂಟ್ರೋಲರ್.

ಕರ್ನಾಟಕ ಈ ದಾರಿಯಲ್ಲಿ ಬೇಗ ಹೊರಟ ರಾಜ್ಯ. 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದೇ ಒಂದು ಕೋಶ ಶುರುವಾಯಿತು. ಅದೇ ಮುಂದೆ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಈ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟಕ್ಕೆ ಇಳಿದು, ಸೌರಶಕ್ತಿಯಿಂದ ನಡೆಯುವ, ಮೊಬೈಲ್ ಜಾಲದ ಮೂಲಕ ಪ್ರತಿ 15 ನಿಮಿಷಕ್ಕೆ ಅಂಕಿ ಕಳಿಸುವ ಮಳೆಮಾಪಕಗಳನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ನಿಲ್ಲಿಸಿತು. ಮುಂದೆ ನಾನು ಹೇಳಲಿರುವ ತಪ್ಪುಗಳು ಆ ಮಾಪಕಗಳಲ್ಲಿ ನಡೆದವಲ್ಲ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೊಬ್ಬಳು ಅಂಥದ್ದೇ ಒಂದು ಮಾಪಕವನ್ನು ತಾನೇ ಕಟ್ಟಿ ಆಗುಂಬೆಯಲ್ಲಿ ನಿಲ್ಲಿಸಲು ಹೊರಟರೆ ಏನಾಗಬಹುದು ಎಂಬ ಲೆಕ್ಕ ಮಾತ್ರ.

ಅವಳ ಕೈಗೆ ಮೊದಲು ಸಿಗುವುದು ಬಹುಶಃ ಆರ್ಡುಯಿನೋ. ಅದರ ಒಳಗಿನ ಎವಿಆರ್ ಚಿಪ್ಪಿನ ಕಲ್ಪನೆ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳದ್ದು. ಅದನ್ನು ಮಾರುಕಟ್ಟೆಗೆ ತಂದದ್ದು 1990ರ ದಶಕದಲ್ಲಿ ಅಟ್ಮೆಲ್ ಕಂಪನಿ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ಶಿಕ್ಷಕರು, ವಿದ್ಯಾರ್ಥಿಗಳು ಅದರ ಸುತ್ತ ಅಗ್ಗದ ಕಲಿಕೆಯ ಹಲಗೆಯೊಂದನ್ನು ಕಟ್ಟಿದರು. ಅಲ್ಲಿಂದಾಚೆಗೆ ಲಕ್ಷಾಂತರ ಮಂದಿ ಚಿಪ್ಪಿಗೆ ಪ್ರೋಗ್ರಾಂ ಬರೆಯಲು ಕಲಿತದ್ದು ಇದರಿಂದಲೇ. ಈ ಹಲಗೆಯ ಪ್ರಸಿದ್ಧ ಚಿಪ್ಪಿನಲ್ಲಿ ಪ್ರೋಗ್ರಾಂಗೆ ಇರುವ ಜಾಗ 32 ಕಿಲೋಬೈಟ್. ನಡೆಯುವಾಗಿನ ಲೆಕ್ಕಾಚಾರಕ್ಕೆ ಇರುವ ನೆನಪು 2 ಕಿಲೋಬೈಟ್. ನೀವು ಓದುತ್ತಿರುವ ಈ ಲೇಖನವನ್ನು ಯೂನಿಕೋಡಿನಲ್ಲಿ ಉಳಿಸಿದರೆ ಆ 32 ಕಿಲೋಬೈಟಿನಲ್ಲಿ ಹಿಡಿಸುವುದಿಲ್ಲ. ಚಿಪ್ಪಿಗೆ ಪರದೆಯಿಲ್ಲ. ತಪ್ಪಾದರೆ ಹೇಳಿಕೊಳ್ಳಲು ಬಾಯಿಯಿಲ್ಲ.

ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸಬೇಕು. ಚಿಪ್ಪಿನ ಗಡಿಯಾರ ಎಣಿಸುವುದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ. ಆದ್ದರಿಂದ ಅವಳು ಸಹಜವಾಗಿಯೇ 15 ಗುಣಿಸು 60 ಗುಣಿಸು 1000 ಎಂದು ಬರೆಯುತ್ತಾಳೆ. ಉತ್ತರ 9 ಲಕ್ಷ. ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಸಾಲನ್ನು ನಡೆಸಿ ನೋಡಿದರೆ 9 ಲಕ್ಷವೇ ಬರುತ್ತದೆ. ಚಿಪ್ಪಿನಲ್ಲಿ ಬರುವುದಿಲ್ಲ. ಸಿ ಭಾಷೆಯಲ್ಲಿ ಹೀಗೆ ಬರೆದ ಸಣ್ಣ ಪೂರ್ಣಾಂಕಗಳ ಗುಣಾಕಾರ 'ಇಂಟ್' ಎಂಬ ಅಳತೆಯ ಪಾತ್ರೆಯಲ್ಲಿ ನಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ಪಾತ್ರೆ 32 ಬಿಟ್ಟಿನದು. ಇನ್ನೂರು ಕೋಟಿಗಿಂತ ದೊಡ್ಡ ಸಂಖ್ಯೆಯೂ ಹಿಡಿಸುತ್ತದೆ. ಎವಿಆರ್ ಚಿಪ್ಪಿನಲ್ಲಿ ಅದು 16 ಬಿಟ್ಟಿನದು. ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಅಲ್ಲಿ 9 ಲಕ್ಷ ಉಕ್ಕಿ ಚೆಲ್ಲಿ, ಉಳಿಯುವುದು ಮೈನಸ್ 17,504. ಈ ಋಣಸಂಖ್ಯೆಯನ್ನು ಅವಳು ಸಮಯಕ್ಕೆಂದು ಇಟ್ಟ ಋಣಚಿಹ್ನೆಯಿಲ್ಲದ ದೊಡ್ಡ ಪಾತ್ರೆಗೆ ಸುರಿದರೆ ಅದು 429 ಕೋಟಿ ಚಿಲ್ಲರೆ ಮಿಲಿಸೆಕೆಂಡ್ ಆಗಿ ಕೂರುತ್ತದೆ. ಅಂದರೆ ಸುಮಾರು 49.7 ದಿನ. ಹದಿನೈದು ನಿಮಿಷಕ್ಕೊಮ್ಮೆ ಮಾತಾಡಬೇಕಾದ ಮಾಪಕ ಐವತ್ತು ದಿನಕ್ಕೊಮ್ಮೆ ಮಾತಾಡುತ್ತದೆ. ನಾಲ್ಕು ತಿಂಗಳ ಮುಂಗಾರಿನಲ್ಲಿ ಎರಡು ಸಲ, ಹೆಚ್ಚೆಂದರೆ ಮೂರು ಸಲ.

ಇಲ್ಲಿ ಗಮನಿಸಬೇಕಾದ್ದು, ಈ ತಪ್ಪು ಕಂಪೈಲರಿಗೆ ಮೊದಲೇ ಗೊತ್ತು ಎಂಬುದು. ಗುಣಿಸಬೇಕಾದ ಮೂರೂ ಸಂಖ್ಯೆಗಳು ಅದರ ಕಣ್ಣೆದುರೇ ಇವೆ. ಯಾವ ಚಿಪ್ಪಿಗೆ ಅನುವಾದ ಮಾಡುತ್ತಿದ್ದೇನೆಂಬುದೂ ಅದಕ್ಕೆ ತಿಳಿದಿದೆ. ಹಾಗಾಗಿ ಅದು ಎಚ್ಚರಿಸುತ್ತದೆ: ಈ ಸಾಲಿನಲ್ಲಿ ಸಂಖ್ಯೆ ಪಾತ್ರೆ ಮೀರಿ ಉಕ್ಕುತ್ತಿದೆ ಎಂದು. ಜಿಸಿಸಿ ಕಂಪೈಲರಿನ ಈಚಿನ ಆವೃತ್ತಿಗಳು ಉಕ್ಕಿದ ಮೇಲೆ ಉಳಿಯುವುದು ಮೈನಸ್ 17,504 ಎಂದು ಉತ್ತರವನ್ನೂ ಮುದ್ರಿಸುತ್ತವೆ. ಆದರೂ ಅನುವಾದ ನಿಲ್ಲುವುದಿಲ್ಲ. ಪ್ರೋಗ್ರಾಂ ತಯಾರಾಗುತ್ತದೆ, ಚಿಪ್ಪಿಗೆ ಇಳಿಯುತ್ತದೆ, ಕಾಡಿಗೆ ಹೋಗುತ್ತದೆ.

ಹೇಳಿಯೂ ತಡೆಯದ ಈ ನಡತೆ ಎಲ್ಲಿಂದ ಬಂತು? 1952ರಲ್ಲಿ ಗ್ರೇಸ್ ಹಾಪರ್ ಯುನಿವ್ಯಾಕ್ ಯಂತ್ರಕ್ಕೆ ಮೊದಲ ಕಂಪೈಲರುಗಳಲ್ಲಿ ಒಂದನ್ನು ಮಾಡಿದರು. 1957ರಲ್ಲಿ ಜಾನ್ ಬ್ಯಾಕಸ್ ತಂಡದ ಫೋರ್ಟ್ರಾನ್ ಬಂತು. ಆಗಿನ ದೊಡ್ಡ ಪ್ರಶ್ನೆ, ಮನುಷ್ಯನ ಬರಹವನ್ನು ಯಂತ್ರದ ಭಾಷೆಗೆ ಯಂತ್ರವೇ ಇಳಿಸೀತೇ ಎಂಬುದಾಗಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚ್ಚಿ ಸಿ ಭಾಷೆಯನ್ನು ರೂಪಿಸಿದರು. ಅದು ಬೆಳೆದದ್ದು ಪಿಡಿಪಿ-11 ಎಂಬ ಯಂತ್ರದ ಮೇಲೆ. ಆ ಯಂತ್ರದಲ್ಲಿ ಇಂಟ್ ಎಂದರೆ 16 ಬಿಟ್, ಮಿತಿ 32,767. ಅಂದಿನವರಿಗೆ ಅದು ಬೆರಳ ತುದಿಯಲ್ಲಿದ್ದ ವಿಷಯ. ಯಂತ್ರಗಳು ದೊಡ್ಡದಾದ ಹಾಗೆ ಇಂಟ್ ಕೂಡ ಬೆಳೆದು, 32,767ರ ನೆನಪು ಮಾಸಿತು. ಪುಟ್ಟ ಚಿಪ್ಪುಗಳಲ್ಲಿ ಮಾತ್ರ ಹಳೆಯ ಕಾಲದ ಅಳತೆಯೇ ಉಳಿಯಿತು. ಊರಲ್ಲಿ ಎಲ್ಲರೂ ಕೆ.ಜಿ.ಗೆ ಬದಲಾದ ಮೇಲೆ ಒಂದು ಮನೆಯಲ್ಲಿ ಮಾತ್ರ ಸೇರು ಪಾವಿನಲ್ಲೇ ಅಳೆದರೆ ಹೇಗೋ ಹಾಗೆ. ಹೆಸರು ಒಂದೇ ಆದ್ದರಿಂದ ಗೊಂದಲ ಇನ್ನೂ ಹೆಚ್ಚು.

ಸಿ ಭಾಷೆ ಬರೆಯುವವರನ್ನು ನಂಬುತ್ತಿತ್ತು. ಕಂಪೈಲರ್ ಚಿಕ್ಕದಾಗಿ, ಚುರುಕಾಗಿ ಇರಬೇಕಿತ್ತು. ಸಂಶಯಪಡುವುದಕ್ಕೆ ಅದಕ್ಕೆ ಪುರುಸೊತ್ತಿರಲಿಲ್ಲ. ಸಂಶಯಪಡುವ ಕೆಲಸಕ್ಕೆಂದೇ 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಬೇರೆಯೇ ಒಂದು ಪ್ರೋಗ್ರಾಂ ಬರೆದರು. ಅದರ ಹೆಸರು ಲಿಂಟ್, ಎಂದರೆ ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಜುಂಗು. ತೊಟ್ಟವರಿಗೆ ಕಾಣದೆ ನೋಡಿದವರಿಗೆ ಕಾಣುವಂಥದ್ದು. ಬರಹ ವ್ಯಾಕರಣಬದ್ಧವಾಗಿದ್ದರೂ ಅನುಮಾನಕ್ಕೆ ಎಡೆಕೊಡುವ ಜಾಗಗಳನ್ನು ಲಿಂಟ್ ಹೆಕ್ಕಿ ತೋರಿಸುತ್ತಿತ್ತು. ವ್ಯಾಕರಣ ತಪ್ಪಿದರೆ ಅದು ಎರರ್, ಕಂಪೈಲರ್ ಮುಂದೆ ಹೋಗದು. ವ್ಯಾಕರಣ ಸರಿಯಿದ್ದು ಅರ್ಥದಲ್ಲಿ ಎಡವಟ್ಟಿರಬಹುದು ಎನಿಸಿದರೆ ಅದು ವಾರ್ನಿಂಗ್. 'ರಾಮನು ಕಲ್ಲನ್ನು ಕುಡಿದನು' ಎಂಬ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆ ಎಲ್ಲ ಸರಿಯಿವೆ. ಕಂಪೈಲರ್ ಅದನ್ನು ಒಪ್ಪಲೇಬೇಕು. ಓದಿದವರು ಮಾತ್ರ ಒಂದು ಕ್ಷಣ ನಿಲ್ಲುತ್ತಾರೆ. ಹಾಗೆ ನಿಲ್ಲುವ ಓದುಗನ ಕೆಲಸ ಲಿಂಟ್‌ನದು.

1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಜಿಸಿಸಿ ಕಂಪೈಲರನ್ನು ಎಲ್ಲರ ಕೈಗೂ ಮುಕ್ತವಾಗಿ ಕೊಟ್ಟರು. ಬೇರೆಯಾಗಿದ್ದ ಸಂಶಯದ ಕೆಲಸ ಕ್ರಮೇಣ ಕಂಪೈಲರಿನ ಒಳಗೇ ಸೇರಿಕೊಂಡಿತು. ಆದರೆ ಅದನ್ನು ಕೇಳಿ ಪಡೆಯಬೇಕು. ಡಬ್ಲ್ಯೂ-ಆಲ್ ಎಂಬ ಸೂಚನೆ ಕೊಟ್ಟರೆ ಬಹಳಷ್ಟು ಎಚ್ಚರಿಕೆಗಳು ಬರುತ್ತವೆ. ಹೆಸರಿನಲ್ಲಿ 'ಆಲ್' ಇದ್ದರೂ ಎಲ್ಲವೂ ಬರುವುದಿಲ್ಲ. ಡಬ್ಲ್ಯೂ-ಎಕ್ಸ್‌ಟ್ರಾ ಎಂದು ಇನ್ನೊಮ್ಮೆ ಕೇಳಬೇಕು. ಬ್ಯಾಟರಿ ಇಳಿದಿದೆಯೇ ಎಂದು ಕೇಳಲು ಎರಡು ಸಮ ಚಿಹ್ನೆ ಹಾಕುವ ಬದಲು ಒಂದೇ ಹಾಕಿದರೆ ಪ್ರಶ್ನೆ ಅಪ್ಪಣೆಯಾಗಿಬಿಡುತ್ತದೆ. ಕೇಳಿದರೆ ಮಾತ್ರ ತಿಳಿಸುವ ತಪ್ಪುಗಳಲ್ಲಿ ಇದೂ ಒಂದು.

ಆರ್ಡುಯಿನೋ ಹಲಗೆಯ ಹಳೆಯ ತಂತ್ರಾಂಶ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ಅದರ ಆಯ್ಕೆಗಳ ಪುಟದಲ್ಲಿ ಎಚ್ಚರಿಕೆಗಳ ಮುಂದೆ ಮೊದಲಿನಿಂದಲೇ 'ಯಾವುದೂ ಬೇಡ' ಎಂದಿರುತ್ತಿತ್ತು. ಹಾಗಿದ್ದಾಗ ಕೇಳದೆ ಬರುವ ಎಚ್ಚರಿಕೆಗಳೂ ಬಾಯಿ ಮುಚ್ಚುತ್ತಿದ್ದವು, ಆ ಮೈನಸ್ 17,504 ಸಹಿತ. ಇದನ್ನು ಮಾಡಿದವರದು ದುರುದ್ದೇಶವಲ್ಲ. ಮೊದಲ ಸಲ ಪುಟ್ಟ ದೀಪ ಮಿನುಗಿಸಲು ಕೂತವರ ಎದುರು ಕೆಂಪಕ್ಷರದ ಹತ್ತು ಸಾಲು ಸುರಿದರೆ ಅವರು ಎದ್ದು ಹೋಗುತ್ತಾರೆ. ಕಲಿಸುವವರಿಗೆ ಆ ಭಯ ಸಹಜ. ಆದರೆ ದೀಪ ಮಿನುಗಿಸಿದವಳೇ ಆರು ತಿಂಗಳ ನಂತರ ಮಳೆ ಅಳೆಯಲು ಹೊರಡುತ್ತಾಳೆ. ಮುಚ್ಚಿದ ಬಾಯಿಯನ್ನು ತೆರೆಯಬೇಕೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಕಂಪೈಲರ್ ಸರ್ವಜ್ಞ ಎಂದು ನಾನು ಹೇಳುತ್ತಿಲ್ಲ. ಅದರ ಮಿತಿ ತಿಳಿಯಲು ಆಗುಂಬೆಯ ಮಳೆಯೇ ಸಾಕು. ಅವಳ ಪ್ರೋಗ್ರಾಂನಲ್ಲಿ ಬಟ್ಟಲು ಎಷ್ಟು ಸಲ ವಾಲಿತೆಂಬ ವರ್ಷದ ಎಣಿಕೆ ಒಂದು ಇಂಟ್‌ನಲ್ಲಿದೆ ಎನ್ನಿ. ಚಳ್ಳಕೆರೆಯ 500 ಮಿ.ಮೀ. ಎಂದರೆ 2,500 ಸಲ ವಾಲಬೇಕು. ಎಣಿಕೆಯನ್ನು ಸೊನ್ನೆಗೆ ತರುವುದನ್ನೇ ಮರೆತರೂ 32,767 ಮುಟ್ಟಲು ಹದಿಮೂರು ವರ್ಷ ಬೇಕು. ಆಗುಂಬೆಯ 7,600 ಮಿ.ಮೀ. ಎಂದರೆ 38,000 ಸಲ. ಒಂದೇ ವರ್ಷದಲ್ಲಿ, 6,553 ಮಿ.ಮೀ. ಮಳೆ ಬಿದ್ದ ಮೇಲೆ, ಮುಂಗಾರು ಮುಗಿಯುತ್ತ ಬರುವ ಹೊತ್ತಿಗೆ, ಎಣಿಕೆ ಮಗುಚಿ ಮೈನಸ್ 32,768 ಆಗಿಬಿಡಬಹುದು. ಚಳ್ಳಕೆರೆಯಲ್ಲಿ ಹತ್ತು ವರ್ಷ ತಪ್ಪದೆ ನಡೆದ ಯಂತ್ರ ಆಗುಂಬೆಯಲ್ಲಿ ಮೊದಲ ವರ್ಷವೇ ಸುಳ್ಳು ಹೇಳುತ್ತದೆ. ಒಂದೊಂದಾಗಿ ಎಣಿಸುವ ಈ ಸಾಲಿಗೆ ಕಂಪೈಲರ್ ಏನೂ ಹೇಳುವುದಿಲ್ಲ. ಎಷ್ಟು ಮಳೆ ಬೀಳುತ್ತದೆಂದು ಅದಕ್ಕೆ ಗೊತ್ತಿಲ್ಲ.

ಆದರೂ ಅದು ಇನ್ನೊಂದು ಕಡೆಯಿಂದ ಸಹಾಯಕ್ಕೆ ಬರಬಲ್ಲದು. ಎಣಿಕೆ 35,000 ದಾಟಿದರೆ ಅತಿವೃಷ್ಟಿಯ ಸಂದೇಶ ಕಳಿಸು ಎಂದು ಅವಳು ಒಂದು ಸಾಲು ಬರೆದಿದ್ದಾಳೆ ಎನ್ನಿ. ಡಬ್ಲ್ಯೂ-ಎಕ್ಸ್‌ಟ್ರಾ ಕೇಳಿಕೊಂಡಿದ್ದರೆ ಕಂಪೈಲರ್ ಹೇಳುತ್ತದೆ: ಈ ಹೋಲಿಕೆ ಎಂದೆಂದಿಗೂ ಸುಳ್ಳೇ, ಈ ಪಾತ್ರೆಯಲ್ಲಿ ಅಷ್ಟು ದೊಡ್ಡ ಸಂಖ್ಯೆ ಹಿಡಿಸುವುದೇ ಇಲ್ಲ. ಮಳೆಯ ಬಗ್ಗೆ ಏನೂ ತಿಳಿಯದ ಕಂಪೈಲರ್, ಮಳೆ ತಿಳಿದವರು ಬರೆದ ಸಾಲನ್ನು ಓದಿ ಪಾತ್ರೆ ಚಿಕ್ಕದಾಯಿತೆಂದು ತಿಳಿಸುತ್ತದೆ. ಊರಿನ ತಿಳಿವಳಿಕೆ ಪ್ರೋಗ್ರಾಂನ ಒಳಗೆ ಬರಹವಾಗಿ ಬರಬೇಕು. ಅದು ಬಂದಾಗ ಕಂಪೈಲರಿನ ಮಾತನ್ನು ಕೇಳಿಸಿಕೊಳ್ಳಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಕೆಡುತ್ತದೆ.

ಒಂದೂರಿಗೆ ಸರಿಹೋದದ್ದು ಇನ್ನೊಂದೂರಿಗೆ ಸರಿಹೋಗದ ಈ ಕಥೆ ನಿಜವಾಗಿಯೂ ನಡೆದದ್ದುಂಟು. ಏರಿಯಾನ್ ರಾಕೆಟ್ಟಿನ ಹೆಸರು ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ನಿಂತ ಆಪಲ್ ಉಪಗ್ರಹದ ಪ್ರಸಿದ್ಧ ಚಿತ್ರವನ್ನು ಹಲವರು ನೋಡಿರುತ್ತೀರಿ. ಇಸ್ರೋದ ಆ ಉಪಗ್ರಹ 1981ರ ಜೂನ್ 19ರಂದು ಮೇಲೇರಿದ್ದು ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ, ಏರಿಯಾನ್ ಸರಣಿಯ ಮೊದಲ ಮಾದರಿಯ ರಾಕೆಟ್ಟಿನಲ್ಲಿ. ಹದಿನೈದು ವರ್ಷಗಳ ನಂತರ, 1996ರ ಜೂನ್ 4ರಂದು, ಅದೇ ನೆಲೆಯಿಂದ ಏರಿಯಾನ್-5 ಮೊದಲ ಸಲ ಹಾರಿತು. ನಲವತ್ತು ಸೆಕೆಂಡಿನೊಳಗೆ ದಾರಿ ತಪ್ಪಿ ಸಿಡಿದು ಚೂರಾಯಿತು. ಅದರೊಡನೆ ಕ್ಲಸ್ಟರ್ ಯೋಜನೆಯ ನಾಲ್ಕು ಉಪಗ್ರಹಗಳೂ ಹೋದವು. ವಿಚಾರಣೆಯಲ್ಲಿ ತಿಳಿದ ಕಾರಣ: 64 ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟಿನ ಪಾತ್ರೆಗೆ ಸುರಿದಾಗ ಹಿಡಿಸಲಿಲ್ಲ. ಮತ್ತದೇ 32,767. ಆ ಪ್ರೋಗ್ರಾಂ ಏರಿಯಾನ್-4ರಲ್ಲಿ ಏನೂ ತೊಂದರೆಯಿಲ್ಲದೆ ಓಡಿತ್ತು. ಹೊಸ ರಾಕೆಟ್ಟಿನ ಅಡ್ಡಲಾಗಿ ಸಾಗುವ ವೇಗ ಮೊದಲಿನದಕ್ಕಿಂತ ಬಹಳ ಹೆಚ್ಚಿತ್ತು. ಏರಿಯಾನ್-4 ಚಳ್ಳಕೆರೆ, ಏರಿಯಾನ್-5 ಆಗುಂಬೆ.

ಇದು ಕಂಪೈಲರಿನ ಎಚ್ಚರಿಕೆಯನ್ನು ಅಲಕ್ಷಿಸಿದ ಪ್ರಕರಣವಲ್ಲ. ಆ ಪ್ರೋಗ್ರಾಂ ಬರೆದದ್ದು ಏಡಾ ಎಂಬ ಇನ್ನೂ ಕಟ್ಟುನಿಟ್ಟಿನ ಭಾಷೆಯಲ್ಲಿ. ಇಂಥ ಅಪಾಯವಿದ್ದ ಏಳು ಸಂಖ್ಯೆಗಳನ್ನು ಎಂಜಿನಿಯರುಗಳೇ ಗುರುತಿಸಿದ್ದರು. ನಾಲ್ಕಕ್ಕೆ ರಕ್ಷಣೆ ಕೊಟ್ಟು, ಉಳಿದ ಮೂರು ಅಷ್ಟು ದೊಡ್ಡದಾಗಲಾರವೆಂದು ಬಿಟ್ಟರು. ಆ ಮೂರರಲ್ಲಿ ಒಂದು ರಾಕೆಟ್ಟನ್ನು ತಿಂದಿತು. ಅಂದಿನ ರಾಕೆಟ್ಟಿಗೆ ಆ ನಿರ್ಧಾರ ಸರಿಯಾಗಿಯೇ ಇತ್ತು. ರಾಕೆಟ್ಟು ಬದಲಾದಾಗ ಅದನ್ನು ಮತ್ತೆ ತೆರೆದು ನೋಡಲಿಲ್ಲ.

ಇಂಥ ಪೆಟ್ಟುಗಳಿಂದ ಕೆಲವು ಕಟ್ಟಳೆಗಳು ಹುಟ್ಟಿದವು. 1998ರಲ್ಲಿ ಬ್ರಿಟನ್ನಿನ ವಾಹನ ಉದ್ಯಮ ಕಾರುಗಳ ಒಳಗಿನ ಚಿಪ್ಪುಗಳಿಗೆಂದು ಮಿಸ್ರಾ-ಸಿ ಎಂಬ ನಿಯಮಾವಳಿ ತಂದಿತು. 2006ರಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೆರಾರ್ಡ್ ಹೋಲ್ಜ್‌ಮನ್ ಹತ್ತು ನಿಯಮಗಳ ಚಿಕ್ಕ ಪಟ್ಟಿಯೊಂದನ್ನು ಪ್ರಕಟಿಸಿದರು. ಹತ್ತನೆಯ ನಿಯಮದ ಸಾರ ಇಷ್ಟು: ಮೊದಲ ದಿನದಿಂದಲೇ ಎಲ್ಲ ಎಚ್ಚರಿಕೆಗಳನ್ನೂ ತೆರೆದಿಡಬೇಕು, ಒಂದೂ ಬಾರದ ಹಾಗೆ ಬರೆಯಬೇಕು. ಎಚ್ಚರಿಕೆಗಳಲ್ಲಿ ಎಷ್ಟೋ ಹುಸಿಯಿರುತ್ತವಲ್ಲ ಎಂಬ ಆಕ್ಷೇಪಕ್ಕೂ ಅವರಲ್ಲಿ ಉತ್ತರವಿದೆ. ಕಂಪೈಲರಿಗೆ ಗೊಂದಲವಾಗಿದ್ದರೆ ಅದಕ್ಕೆ ಗೊಂದಲವಾಗದ ಹಾಗೆ ಆ ಸಾಲನ್ನು ತಿದ್ದಿ ಬರೆಯಿರಿ ಎನ್ನುತ್ತಾರೆ. ಇದು ಬರವಣಿಗೆ ಬಲ್ಲವರಿಗೆಲ್ಲ ತಿಳಿದ ಮಾತೇ. ಒಳ್ಳೆಯ ಓದುಗರೊಬ್ಬರು ಒಂದು ವಾಕ್ಯದಲ್ಲಿ ಎಡವಿದರೆ, ವಾದಿಸುವುದಕ್ಕಿಂತ ವಾಕ್ಯ ತಿದ್ದುವುದು ಲೇಸು. ಮೊದಲ ದಿನದಿಂದ ಎಂಬುದೂ ಮುಖ್ಯ. ನೂರು ಎಚ್ಚರಿಕೆಗಳ ರಾಶಿಯಲ್ಲಿ ನೂರ ಒಂದನೆಯದು ಯಾರ ಕಣ್ಣಿಗೂ ಬೀಳದು. ಒಂದೂ ಇಲ್ಲದಲ್ಲಿ ಬಂದ ಒಂದು ಕೂಡಲೇ ಕಾಣುತ್ತದೆ.

ನಮ್ಮ ವಿದ್ಯಾರ್ಥಿನಿಗೆ ಬೇಕಾದ ತಿದ್ದುಪಡಿಯೂ ಬಹಳ ಚಿಕ್ಕದು. 1000ದ ಮುಂದೆ ಯುಎಲ್ ಎಂಬ ಎರಡು ಅಕ್ಷರ ಸೇರಿಸಿದರೆ ಗುಣಾಕಾರ ದೊಡ್ಡ ಪಾತ್ರೆಯಲ್ಲಿ ನಡೆದು 9 ಲಕ್ಷವೇ ಬರುತ್ತದೆ. ಎಣಿಕೆಯನ್ನು ಇಂಟ್ ಬದಲು ಋಣಚಿಹ್ನೆಯಿಲ್ಲದ ಲಾಂಗ್‌ನಲ್ಲಿ ಇಟ್ಟರೆ ಆಗುಂಬೆಯ ಲಕ್ಷ ವರ್ಷದ ಮಳೆಗೂ ಜಾಗ ಸಾಲುತ್ತದೆ. ಖರ್ಚಾಗುವುದು ಎರಡೇ ಬೈಟ್ ಹೆಚ್ಚು. ಕೆಲಸ ಐದು ನಿಮಿಷದ್ದು, ಎಚ್ಚರಿಕೆಯನ್ನು ಮೇಜಿನ ಮುಂದೆ ಕೂತು ಓದಿದರೆ. ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ನೆಟ್ಟ ಕಂಬದ ಪೆಟ್ಟಿಗೆಯನ್ನು ಕೊಡೆ ಹಿಡಿದು ಬಿಚ್ಚಬೇಕಾಗಿ ಬಂದರೆ ಅದು ಐದು ನಿಮಿಷದ ಕೆಲಸವಲ್ಲ. ಅಷ್ಟರಲ್ಲಿ ಕಳೆದುಹೋದ ದಿನಗಳ ಮಳೆಯಂತೂ ಮತ್ತೆ ಅಳೆಯಲು ಸಿಗದು.

ಹಳೆಯ ಮಳೆ ಪುಸ್ತಕಗಳಲ್ಲಿ ಕೈತಪ್ಪಿ ಬರೆದ ಅಂಕಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬಹುದಿತ್ತು. ಮುಂದೆ ನೋಡಿದವರಿಗೆ ತಪ್ಪೂ ತಿದ್ದುಪಡಿಯೂ ಎರಡೂ ಕಾಣುತ್ತವೆ. ಚಿಪ್ಪು ಕಳಿಸಿದ ಅಂಕಿಯಲ್ಲಿ ಅಂಥ ಗೆರೆಯಿಲ್ಲ. ಸರಿಯಾದ 38,000ವೂ ಮಗುಚಿದ ಸಂಖ್ಯೆಯೂ ಒಂದೇ ಅಚ್ಚಿನಲ್ಲಿ, ಒಂದೇ ವಿಶ್ವಾಸದಲ್ಲಿ ಪರದೆಯ ಮೇಲೆ ಬರುತ್ತವೆ. ಅನುಮಾನದ ಗೆರೆ ಎಳೆಯುವ ಅವಕಾಶ ಇರುವುದು ಕಂಪೈಲರ್ ಆ ಸಾಲನ್ನು ಓದುವ ಹೊತ್ತಿನಲ್ಲಿ. ಅದು ಗೆರೆ ಎಳೆದು ತೋರಿಸುತ್ತದೆ. ನಾವು ಆ ಸಾಲಿಗೆ ಹಿಂದಿರುಗಿ ನೋಡಬೇಕು.